ಆಪರೇಷನ್ ಯಾವತ್ತು ಅಂತ ಮೊದಲು ಕೇಳ್ರಪ್ಪಾ

ಕಿಡ್ನಿಯನ್ನೋ ಲಿವರ್‌ನ ಒಂದು ಭಾಗವನ್ನೋ ದಾನ ಮಾಡುವ ಕೇಂದ್ರ ಸರ್ಕಾರಿ ನೌಕರರಿಗೆ ಗರಿಷ್ಠ 42 ದಿನ ಸ್ಪೆಷಲ್ ಸಿಎಲ್, ಅಂದರೆ ವಿಶೇಷ ಸಾಂದರ್ಭಿಕ ರಜೆ, ಇದೆ. ಕೇಂದ್ರದ ಸಿಬ್ಬಂದಿ ಇಲಾಖೆ ಡಿಒಪಿಟಿಯ 2023ರ ಏಪ್ರಿಲ್ 25ರ ಆದೇಶ ಅದು. ಆಪರೇಷನ್ ಯಾವ ಬಗೆಯದಾದರೂ ಸರಿ, ವೈದ್ಯರ ಶಿಫಾರಸು ಇರಬೇಕು, ರಜೆಯನ್ನು ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿದ ದಿನದಿಂದ ಒಂದೇ ಸಲಕ್ಕೆ ಹಾಕಬೇಕು. ಒಳ್ಳೆಯ ಆದೇಶ. ನನ್ನ ತಕರಾರಿರುವುದು, ಆ ರಜೆ ಕೊಡದಿದ್ದಾಗ ನೌಕರ ಬರೆಯುವ ದೂರನ್ನು ಮೊದಲ ಹಂತದಲ್ಲಿ ನೋಡುವ ರೀತಿಯ ಮೇಲೆ.

ನೌಕರರ ರಜೆ, ಬಡ್ತಿಯ ಕಡತ ನೋಡುವ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಲ್ಲಿ ವರ್ಷಗಟ್ಟಲೆ ಕೂತವನು ನಾನು. ದೂರು ಮೊದಲು ಬರುವುದು ರಜೆ ಕೊಡದ ಕಚೇರಿಗೇ, ಅದೂ 'ಥ್ರೂ ಪ್ರಾಪರ್ ಚಾನೆಲ್', ಅಂದರೆ ಮೇಲಧಿಕಾರಿಯ ಮೂಲಕವೇ. ರಜೆ ಬೇಡವೆಂದು ನೋಟ್ ಹಾಕಿದ ಕೇಸ್ ವರ್ಕರ್ರೇ, ಆ ನೋಟ್ ಸರಿಯೋ ತಪ್ಪೋ ಎಂದು ಇನ್ನೊಂದು ನೋಟ್ ಹಾಕಬೇಕು. ಸಾಹೇಬರ ಸಹಿ ಬಿದ್ದಿರುವ ಕಡತದ ಮೇಲೆ 'ತಪ್ಪು' ಎಂದು ಬರೆಯುವ ಗುಂಡಿಗೆ ಯಾರಿಗಿದೆ?

ಸರಿ, ಕೇಂದ್ರ ಸರ್ಕಾರದ ಅಹವಾಲು ಪೋರ್ಟಲ್ ಸಿಪಿಗ್ರಾಮ್ಸ್‌ಗೆ ಹಾಕೋಣವೆಂದರೆ ಅಲ್ಲಿನ ಜರಡಿ ಇನ್ನೂ ಸಣ್ಣದು. ಅಹವಾಲು ಮುಗಿಸುವ ಗಡುವನ್ನು 2024ರಲ್ಲಿ 30 ದಿನದಿಂದ 21ಕ್ಕೆ ಇಳಿಸಿದರು, ನಿಜ. ಆದರೆ ಸರ್ಕಾರಿ ನೌಕರರ ಸೇವಾ ವಿಷಯವನ್ನು ಅಲ್ಲಿ ತೆಗೆದುಕೊಳ್ಳುವುದೇ ಇಲ್ಲ, ಇಲಾಖೆಯ ಬಾಗಿಲುಗಳನ್ನೆಲ್ಲ ತಟ್ಟಿ ಬಂದಿದ್ದರೆ ಮಾತ್ರ ನೋಡುತ್ತಾರೆ. ನೌಕರರ ಸೇವಾ ವ್ಯಾಜ್ಯ ನೋಡುವ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ, ಸಿಎಟಿ? 1985ರ ಆಡಳಿತಾತ್ಮಕ ನ್ಯಾಯಮಂಡಳಿಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಕೊಟ್ಟ ಮನವಿಗೆ ಉತ್ತರವೇ ಬಾರದಿದ್ದರೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. 'ಸಾಮಾನ್ಯವಾಗಿ' ಅಂದಿರುವುದರಿಂದ ತುರ್ತಿದ್ದರೆ ಒಳಗೆ ಬಿಡಬಹುದು, ಆದರೆ ಅದಕ್ಕೆ ಸಾಮಾನ್ಯರು ವಕೀಲರನ್ನೇ ಹಿಡಿಯಬೇಕಾಗಿ ಬರುತ್ತದೆ. ತಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸುತ್ತಿರುವ ಅಕ್ಕ ಅದನ್ನೂ ಮಾಡಬೇಕೆ?

ಬಡ್ತಿ, ವರ್ಗಾವಣೆ, ಇನ್‌ಕ್ರಿಮೆಂಟ್ ದೂರುಗಳಿಗೆ ಈ ಕ್ರಮ ನಡೆಯುತ್ತದೆ. ತಡವಾಗಿ ಗೆದ್ದರೂ ಅರಿಯರ್ಸ್ ಸಿಗುತ್ತದೆ. ಇಲ್ಲಿ ತಡವಾದರೆ ಏನು ಸಿಗುತ್ತದೆ? ಆದ್ದರಿಂದ ಇಂಥ ದೂರು ಬಂದ ದಿನವೇ ನೋಡಬೇಕಾದ್ದು ಯಾವ ಚಾನೆಲ್‌ನಿಂದ ಬಂತು ಎಂಬುದನ್ನಲ್ಲ, ಆಪರೇಷನ್ ತಾರೀಖನ್ನು. ಮತ್ತೆ, ನೋಡುವವರು ಮೊದಲು ಬೇಡವೆಂದವರಾಗಿರಬಾರದು.

'ಕಿಡ್ನಿ ದಂಧೆ ನಡೆದಿರುವ ದೇಶ ಸ್ವಾಮಿ, ಪರಿಶೀಲನೆ ಬೇಡವೆ?' ಎನ್ನುವವರಿದ್ದಾರೆ. ಬೇಕು. ಅದಕ್ಕೆಂದೇ 1994ರ ಅಂಗಾಂಗ ಕಸಿ ಕಾಯ್ದೆ ಇದೆ. ಹತ್ತಿರದ ಸಂಬಂಧಿಗಳಾದರೂ ದಾಖಲೆ ತೋರಿಸಿ ಅನುಮತಿ ಪಡೆಯಬೇಕು, ಹೊರಗಿನವರಾದರೆ ಕಸಿಗೆ ಅನುಮತಿ ಕೊಡುವ ಸಮಿತಿಯ ಮುಂದೆ ಕೂರಬೇಕು. ಅಷ್ಟಾದ ಮೇಲೂ ನಮ್ಮ ಸೆಕ್ಷನ್‌ನವರು ವಂಶವೃಕ್ಷ ಕೇಳುವುದನ್ನು ಕಂಡಿದ್ದೇನೆ.

ಅಮೆರಿಕದಲ್ಲಿರುವ ನಮ್ಮವರಿಗೊಂದು ಮಾತು. ದಾನಿಗೂ ಅಲ್ಲಿನ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ ಎಫ್‌ಎಂಎಲ್‌ಎಯ ರಜೆ ಅನ್ವಯಿಸಬಹುದು ಎಂದು ಅಲ್ಲಿನ ಕಾರ್ಮಿಕ ಇಲಾಖೆ 2018ರಲ್ಲೇ ಹೇಳಿದೆ. 12 ವಾರದವರೆಗೆ ಸಿಗುತ್ತದೆ, ಸಂಬಳವಿಲ್ಲ. ಅಲ್ಲಿ ಆ ಇಲಾಖೆಯದೇ ವಿಭಾಗವಾದ ವೇಜ್ ಆಂಡ್ ಅವರ್ ಡಿವಿಷನ್‌ಗೆ ನೇರ ದೂರು ಕೊಡಬಹುದು. ಕಂಪನಿಯಲ್ಲಿ 50 ಜನರಿದ್ದಾರೆಯೇ, ನೀವು 12 ತಿಂಗಳು ದುಡಿದಿದ್ದೀರಾ, ಅದರಲ್ಲಿ 1,250 ಗಂಟೆ ಕೆಲಸವಾಗಿದೆಯೇ ಎಂಬಂಥ ಲೆಕ್ಕ ಬರುತ್ತದೆ. ಆ ಲೆಕ್ಕ ಹಾಕುವುದು ನಿಮ್ಮ ಮ್ಯಾನೇಜರ್ ಅಲ್ಲ.

ನಮ್ಮ ಖಾಸಗಿ ಕಂಪನಿಗಳವರ ಪಾಡು ಬೇರೆ. ಕೇಂದ್ರದ ಆ ಆದೇಶ ಅವರಿಗಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆಗೆ ಸಂಬಳಸಹಿತ ರಜೆ ವರ್ಷಕ್ಕೆ 12 ದಿನ. ದಾನಿಯ ರಜೆಗೆಂದು ದೂರು ಒಯ್ದರೆ 'ಯಾವ ಸೆಕ್ಷನ್ ಕೆಳಗೆ?' ಎಂದು ಕೇಳುತ್ತಾರೆ, ಮಾತು ಅಲ್ಲಿಗೆ ನಿಂತುಹೋಗುತ್ತದೆ. ಅಂಥವರು ಆಪರೇಷನ್‌ಗೆ ಮುಂಚೆಯೇ ಎಚ್‌ಆರ್ ಕೈಯಲ್ಲಿ ರಜೆಯ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸರ್ಕಾರಿ ನೌಕರರು ಅರ್ಜಿಯ ತಲೆಯ ಮೇಲೇ ಆಪರೇಷನ್ ತಾರೀಖು ದಪ್ಪಗೆ ಬರೆದು, ಟಪಾಲು ಸೆಕ್ಷನ್‌ನಲ್ಲಿ ಸೀಲು ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಿ.