ಕೊರೊನಾ ಕೊಟ್ಟ ಸ್ಟ್ಯಾಂಡು

ಮಹಾಮಾರಿ ಬಂದು ಹೋದ ಊರಿಗೆ ಕೊನೆಗೆ ಒಳ್ಳೆಯದೇ ಆಗುತ್ತದೆ ಅನ್ನುವವರಿದ್ದಾರೆ. ಅವರ ಬಾಯಿ ಮುಚ್ಚಿಸೋದು ಬೆಂಗಳೂರಿನಲ್ಲಿ ಕಷ್ಟ. 1898ರಲ್ಲಿ ಇಲ್ಲಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಮೊದಲು ಇಲಿಗಳು ಬಿದ್ದವು, ಆಮೇಲೆ ಜನ. ಸರ್ಕಾರಕ್ಕೆ ನಿಜವಾಗಿಯೂ ಭಯವಾಯಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಚುರುಕಾಗಿ ಎದ್ದವು. ಅಗಲ ರಸ್ತೆ, ಗಾಳಿ ಬೆಳಕು ಬರುವ ಸೈಟು, ಮನೆಗಳ ಹಿಂದೆ ಕಸ, ಹೊಲಸು ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ. ಪ್ಲೇಗ್ ತಡೆಯುವ ಕೆಲಸಕ್ಕೆಂದು ಊರಲ್ಲಿ ಟೆಲಿಫೋನ್ ತಂತಿಯನ್ನೂ ಎಳೆದರು. (ಆ ಗಲ್ಲಿಗಳಲ್ಲಿ ಈಗ ಸ್ಕೂಟರ್ ನಿಲ್ಲಿಸುತ್ತೇವೆ. ಅದು ನಮ್ಮ ಕೊಡುಗೆ.)

ಸರಿ, 2020ರ ಕೊರೊನಾ ಏನು ಕೊಟ್ಟಿತು?

ಒಂದು ಸ್ಟ್ಯಾಂಡ್ ಕೊಟ್ಟಿತು. ಕಾಲಲ್ಲಿ ಒತ್ತಿದರೆ ಕೈಗೆ ಸ್ಯಾನಿಟೈಸರ್ ಬೀಳುವ ಕಬ್ಬಿಣದ ಸ್ಟ್ಯಾಂಡ್. ನಮ್ಮ ಬ್ಯಾಂಕಿನ ಬಾಗಿಲಲ್ಲಿ ಅದು ಇವತ್ತಿಗೂ ನಿಂತಿದೆ. ಬಾಟಲಿ ಯಾವಾಗಲೋ ಹೋಯಿತು. ಅದರ ಜಾಗದಲ್ಲಿ ಚಲನ್ ಬರೆಯುವ ಪೆನ್ನನ್ನು ದಾರ ಕಟ್ಟಿ ಸಿಕ್ಕಿಸಿದ್ದಾರೆ. ಹಳೇ ಅಭ್ಯಾಸದವರು ಯಾರಾದರೂ ಪೆಡಲ್ ಒತ್ತಿದರೆ ಪೆನ್ನು ಒಂದಿಂಚು ಮೇಲೆ ಹಾರಿ ಕೂರುತ್ತದೆ. ಸೆಕ್ಯುರಿಟಿಯವರು ತಲೆ ಎತ್ತಿ ನೋಡುವುದೂ ಇಲ್ಲ. ಎಳನೀರು ಗಾಡಿಗೂ ಕ್ಯೂಆರ್ ಕೋಡ್ ಬಂತಲ್ಲ ಅಂತೀರಾ? ಬಂತು, ಒಪ್ಪಿದೆ.

ನಿಜವಾದ ಲಾಭ ಒಂದಿತ್ತು. ಜನ ಮನೆಯಲ್ಲೇ ಕೂತು ಕೆಲಸ ಮಾಡಬಹುದು ಅಂತ ಗೊತ್ತಾಯಿತು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಗ್ನಲ್ ದೀಪಗಳು ಯಾರಿಗೂ ಬೇಡವಾಗಿ ಸುಮ್ನೆ ಹತ್ತಿ ಆರುತ್ತಿದ್ದವು. ಇದನ್ನು ಸರ್ಕಾರವೂ ಗಮನಿಸಿತು. 2021ರ ಆಗಸ್ಟ್‌ನಲ್ಲಿ ರಾಜ್ಯದ ಐಟಿ ಇಲಾಖೆ ಐಟಿ ಕಂಪನಿಗಳ ಸಂಘ ನಾಸ್ಕಾಮ್‌ಗೆ ಪತ್ರ ಬರೆದು, ಔಟರ್ ರಿಂಗ್ ರೋಡಿನ ಕಂಪನಿಗಳು 2022ರ ಡಿಸೆಂಬರ್‌ವರೆಗೆ ನೌಕರರಿಂದ ಮನೆಯಲ್ಲೇ ಕೆಲಸ ಮಾಡಿಸಲಿ ಅಂದಿತು. ಕಾರಣ ವೈರಸ್ ಅಲ್ಲ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ! ಕೊರೊನಾಕ್ಕೆ ಲಸಿಕೆ ಬಂದಿತ್ತು, ಟ್ರಾಫಿಕ್ಕಿಗೆ ಕ್ವಾರಂಟೈನ್ ಒಂದೇ ಔಷಧಿ ಅಂತ ಅಧಿಕೃತವಾಗಿ ಒಪ್ಪಿಕೊಂಡ ಊರು ನಮ್ಮದು.

2022ರ ಡಿಸೆಂಬರ್ ಬಂತು, ಹೋಯಿತು. ಆ ದಾರಿಯಲ್ಲಿ ಮೆಟ್ರೊ ಬರಲಿಲ್ಲ, ಜನ ಬಂದರು. ಎಲ್ಲರೂ ಆಫೀಸಿನಲ್ಲೇ ಕೂತು ಕೆಲಸ ಮಾಡಬೇಕು, ಒಟ್ಟಿಗಿದ್ದರೆ ಹೊಸ ಐಡಿಯಾ ಹುಟ್ಟುತ್ತವಂತೆ. ನಮ್ಮ ಪಕ್ಕದ ಮನೆ ಹುಡುಗ ಮಲ್ಲೇಶ್ವರದಿಂದ ಬೆಳ್ಳಂದೂರಿಗೆ ಹೋಗಿ, ಕಾರ್ಡ್ ಉಜ್ಜಿ ಒಳಗೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಪುಣೆಯಲ್ಲಿ ಮನೆಯಲ್ಲೇ ಇರುವ ಮ್ಯಾನೇಜರ್ ಜೊತೆ ವಿಡಿಯೊದಲ್ಲಿ ಮಾತಾಡಿ ವಾಪಸ್ ಬರುತ್ತಾನೆ. ಐಡಿಯಾ ಹುಟ್ಟಿತೇನಪ್ಪಾ ಅಂದೆ. "ಹುಟ್ಟಿತು ಅಂಕಲ್, ಕೆಲಸ ಬಿಡೋ ಐಡಿಯಾ" ಅಂದ.

ಹಾಗಂತ ಕೊರೊನಾ ಕಲಿಸಿದ್ದೆಲ್ಲ ಮರೆತೆವು ಅನ್ನಬೇಡಿ. ಬೇಕಾದ್ದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಸೋಂಕಿನ ಕಾಲದಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸದವರಿಗೆ ಬೇರೆ ಲಿಫ್ಟ್ ಅಂತ ಬೋರ್ಡ್ ಹಾಕಿದರು. ಮಾಸ್ಕ್ ಹೋಯಿತು, ಬೋರ್ಡ್ ಉಳಿಯಿತು. ನನ್ನ ಸ್ನೇಹಿತರ ಅಪಾರ್ಟ್‌ಮೆಂಟಿನಲ್ಲಿ ನಾಯಿ ಮುಖ್ಯ ಲಿಫ್ಟಿನಲ್ಲಿ ಹೋಗಬಹುದು, ಅಡುಗೆಯಮ್ಮ ಹೋಗುವ ಹಾಗಿಲ್ಲ. ಅವರು ಮಾಡಿದ ಸಾರು ಮಾತ್ರ ಡಬ್ಬಿಯಲ್ಲಿ ಧಾರಾಳವಾಗಿ ಹೋಗಬಹುದು.

ಮೊನ್ನೆ ಆ ಸರ್ವಿಸ್ ಲಿಫ್ಟ್ ಕೆಟ್ಟು ನಿಂತಿತು. ತಕ್ಷಣ ಅಸೋಸಿಯೇಷನ್ ಮೀಟಿಂಗ್ ಕರೆದರು. ಎಲ್ಲರೂ ಒಂದೇ ಬಿಲ್ಡಿಂಗಿನವರು, ಮೀಟಿಂಗ್ ಮಾತ್ರ ಆನ್‌ಲೈನ್. ರಿಪೇರಿ ಆಗುವವರೆಗೆ ಅಡುಗೆಯಮ್ಮನನ್ನು ಮುಖ್ಯ ಲಿಫ್ಟಿಗೆ ಬಿಡೋಣ ಅಲ್ವಾ ಅಂತ ಸ್ನೇಹಿತರು ಕೇಳಿದರು. ಅರ್ಧ ಜನ ಕ್ಯಾಮೆರಾ ಆಫ್ ಮಾಡಿಕೊಂಡರು. ಕೊನೆಗೆ ಮ್ಯೂಟ್ ತೆಗೆದ ಅಧ್ಯಕ್ಷರು, "ಒಂಬತ್ತೇ ಮಹಡಿ ತಾನೇ? ಮೆಟ್ಟಿಲು ಹತ್ತಲಿ ಬಿಡಿ. ಇಮ್ಯುನಿಟಿ ಜಾಸ್ತಿ ಆಗುತ್ತೆ" ಅಂದರು.