ಹಿಂದಿನಿಂದ ಒಂದು ಗುಂಯ್

ನಮ್ಮ ಕಾರಿನಲ್ಲಿ ಯಾರೂ ಮಾತಾಡುವಂತಿಲ್ಲ. ಹಾಡು ಹಾಕುವಂತಿಲ್ಲ, ಕಿಟಕಿ ಇಳಿಸುವಂತಿಲ್ಲ. ಮೊನ್ನೆ ಸಂಕೇಶ್ವರದ ಮದುವೆಗೆ ಹೊರಟಾಗ ನನ್ನ ಬಳೆ ಸದ್ದು ಮಾಡುತ್ತಿವೆ ಎಂದು ಕಾರು ನಿಲ್ಲಿಸಿ, "ಬಳಿ ಬಿಚ್ಚಿಡು" ಅಂದರು ನಮ್ಮವರು. ಹಿಂದೆ ಕೂತಿದ್ದ ಅತ್ತೆ ಸುಮ್ಮನಿರುತ್ತಾರೆಯೇ? ಮದುವೆಗೆ ಹೊರಟ ಮುತ್ತೈದೆಗೆ ಇಂಥ ಮಾತಾಡ್ತೀಯಾ ಎಂದು ಮಗನಿಗೆ ಚೆನ್ನಾಗಿ ಬೈದರು. ಕೊನೆಗೆ ಆದ ರಾಜಿ ಏನೆಂದರೆ, ನಾನು ಎರಡೂ ಕೈಯ ಬಳೆಗಳಿಗೆ ಕರ್ಚೀಫ್ ಸುತ್ತಿಕೊಂಡು ಕೂತೆ. ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಕೈಗೆ ಬ್ಯಾಂಡೇಜು.

ಇಷ್ಟಕ್ಕೂ ಕಾರಣ, ಕಾರಿನ ಹಿಂದಿನಿಂದ ಏನೋ "ಗುಂಯ್" ಅನ್ನುತ್ತಿದೆಯಂತೆ. ಅದು ನಮ್ಮವರಿಗೆ ಕೇಳಬೇಕಂತೆ.

ಕಾರು ಮಾವನವರ ಕಾಲದ್ದು. ಕಾಂಟೆಸ್ಸಾ. 1984ರಿಂದ 2002ರವರೆಗೆ ಬರುತ್ತಿದ್ದ ಆ ಉದ್ದ ಮೂತಿಯ ಕಾರು ನಿಮಗೂ ನೆನಪಿರಬಹುದು. ಮೊದಮೊದಲು ಅದಕ್ಕೆ ಅಂಬಾಸಿಡರಿನ 1.5 ಲೀಟರ್ ಇಂಜಿನ್ನೇ ಇರುತ್ತಿತ್ತು, ಸುಮಾರು 50 ಹಾರ್ಸ್ ಪವರ್. ನಮ್ಮದೂ ಅದೇ. ಇಂಜಿನ್ ಮುಂದೆ, ಕಾರನ್ನು ತಳ್ಳುವುದು ಹಿಂದಿನ ಗಾಲಿ. ಆದ್ದರಿಂದ ನಮ್ಮವರ ಲೆಕ್ಕದಲ್ಲಿ ಇದು ಸ್ಪೋರ್ಟ್ಸ್ ಕಾರು. ಕಾಂಪೌಂಡಿನ ಒಳಗೆ ನಿಲ್ಲಿಸಿದರೆ ಗೇಟು ಹಾಕಲು ಬರುವುದಿಲ್ಲ, ಬಾಲ ರಸ್ತೆಗೆ ಚಾಚಿರುತ್ತದೆ. ಆದರೂ ಸ್ಪೋರ್ಟ್ಸ್ ಕಾರು.

ಸ್ಪೋರ್ಟ್ಸ್ ಕಾರಿಗೆ 50 ಹಾರ್ಸ್ ಪವರ್ ಸಾಕಾಗುತ್ತದಾ? ಇವರು ಅದರ ಮೂರು ಪಟ್ಟು ಶಕ್ತಿಯ ಇಂಜಿನ್ ತಂದು ಕೂರಿಸಿದರು. ಅದರ ಅನುಮತಿ, ಕಾಗದಪತ್ರ, ಓಡಾಟ ಬೇರೆಯೇ ಕಥೆ, ಬಿಡಿ. ಸಿಹಿ ಹಂಚಬೇಕೆಂದು ಕುಂದಾ ತಂದಿದ್ದೆವು. ಡಬ್ಬಿ ಖಾಲಿಯಾಗುವ ಮೊದಲೇ ಖಾನಾಪುರ ರಸ್ತೆಯಲ್ಲಿ ಹಿಂದಿನಿಂದ "ಕಟಕ್" ಎಂದಿತು. ಇಂಜಿನ್ ಒದರುತ್ತಿದೆ, ಕಾರು ಮಾತ್ರ ನಿಂತಲ್ಲೇ ನಿಂತಿದೆ. ಡಿಫ್ರೆನ್ಶಿಯಲ್ ಹಲ್ಲು ಉದುರಿತ್ತು.

ಡಿಫ್ರೆನ್ಶಿಯಲ್ ಅಂದರೆ, ಲಾರಿಯ ಹಿಂದೆ ಸಿಗ್ನಲ್‌ನಲ್ಲಿ ನಿಂತಾಗ ಎರಡು ಗಾಲಿಗಳ ನಡುವೆ ಒಂದು ಗುಂಡು ಹೊಟ್ಟೆ ಕಾಣುತ್ತದಲ್ಲ, ಅದರೊಳಗಿನ ಗೇರುಗಳು. ಇಂಜಿನ್ ಕಡೆಯಿಂದ ಬರುವ ಚಿಕ್ಕ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್. ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ಉರುಳಬೇಕು, ಒಳಗಿನದು ಕಡಿಮೆ. ಎತ್ತಿನ ಬಂಡಿಗೆ ಈ ತಕರಾರಿಲ್ಲ. ಗಾಲಿಗಳು ತಮ್ಮ ಪಾಡಿಗೆ ತಿರುಗುತ್ತವೆ, ಎಳೆಯುವುದು ಎತ್ತು. ಕಾರಿನಲ್ಲಿ ಗಾಲಿಯೇ ದುಡಿಯಬೇಕು, ಮೇಲೆ ಬೇರೆ ಬೇರೆ ವೇಗದಲ್ಲೂ ತಿರುಗಬೇಕು. ಆ ಎರಡನ್ನೂ ಮಾಡಿಸುವುದು ಈ ಗೇರುಗಳು. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ನಾನು ರೊಟ್ಟಿ ಬಡಿಯುವಾಗ ಇವರು ಪಕ್ಕದಲ್ಲಿ ನಿಂತು ಲೆಕ್ಕ ಹೇಳುತ್ತಾರೆ. "ನೋಡು, ಇಂಜಿನ್ 200 ನ್ಯೂಟನ್ ಮೀಟರ್ ತಿರುಚ್ತೈತಿ ಅಂತ ತಿಳಕೋ. ಫಸ್ಟ್ ಗೇರಿನ್ಯಾಗ ಅದು ಮೂರು ಪಟ್ಟು. ಕ್ರೌನ್ ಪಿನಿಯನ್‌ನ್ಯಾಗ ಮತ್ತ ನಾಕು ಪಟ್ಟು. ಎಷ್ಟಾತು? 2,400! ಪಾಪ, ಆ ಹಲ್ಲು ಹೆಂಗ ತಡಕೋಬೇಕು?" ನನ್ನ ರೊಟ್ಟಿ ಹರಿಯಿತು. ಪಾಪ ಅನ್ನಲಿಲ್ಲ.

ರಾತ್ರಿ ಊಟಕ್ಕೆ ಕೂತರೆ ಅಮೆರಿಕದ ಹಳೇ ರೇಸ್ ಡ್ರೈವರ್ ಕ್ಯಾರೊಲ್ ಶೆಲ್ಬಿ ಬರುತ್ತಾನೆ. 1962ರಲ್ಲಿ ಆತ ಏಸಿ ಕಂಪನಿಯ ಪುಟ್ಟ ಇಂಗ್ಲಿಷ್ ಕಾರಿಗೆ ಅಮೆರಿಕದ ಫೋರ್ಡ್ ವಿ8 ಇಂಜಿನ್ ಹಾಕಿಸಿದನಂತೆ. ಅದೇ ಕೋಬ್ರಾ. ಆಗ ಹಿಂದಿನ ಹಳೇ ಡಿಫ್ರೆನ್ಶಿಯಲ್ ತೆಗೆದು, ಜಾಗ್ವಾರ್ ಈ-ಟೈಪಿಗೆ ಹಾಕುತ್ತಿದ್ದ ಗಟ್ಟಿ ಸಾಲ್ಸ್‌ಬರಿ ಡಿಫ್ರೆನ್ಶಿಯಲ್ ಕೂರಿಸಿದರಂತೆ. ಜಪಾನಿನ ಡ್ಯಾಟ್ಸನ್ 240ಝಡ್ ಕಾರು ಇಟ್ಟುಕೊಂಡವರು 180 ಮಿ.ಮೀ. ಕ್ರೌನಿನದು ಬಿಚ್ಚಿ 200 ಮಿ.ಮೀ.ನದು ಹಾಕಿಕೊಳ್ಳುತ್ತಾರಂತೆ. "ಬರೇ 20 ಮಿಲಿಮೀಟರ್!" ಎಂದು ಕಣ್ಣರಳಿಸುತ್ತಾರೆ. ಮಗಳ ಶಾಲೆಯ ಫೀ ತುಂಬುವ ಕೊನೆಯ ದಿನ ಯಾವುದು ಎಂದು ಕೇಳಿ ನೋಡಿ, ಮುಖ ನೋಡುತ್ತಾರೆ.

ಬೇರೆ ಊರಾಗಿದ್ದರೆ ಈ ಹುಚ್ಚು ಊಟದ ತಟ್ಟೆಯ ಮುಂದೆಯೇ ಮುಗಿಯುತ್ತಿತ್ತು. ಬೆಳಗಾವಿಯಲ್ಲಿ ಮುಗಿಯುವುದಿಲ್ಲ. ಇಲ್ಲಿ ಉದ್ಯಮಬಾಗ್ ಇದೆ. ಎರಕ ಹೊಯ್ಯುವವರು, ಲೇತಿನವರು, ಗ್ರೈಂಡಿಂಗಿನವರು ಒಬ್ಬರ ಬಾಗಿಲಲ್ಲಿ ಒಬ್ಬರು. ಏನು ಕೇಳಿದರೂ "ಮಾಡೂಣ್ರಿ" ಅನ್ನುತ್ತಾರೆ. ಆಗುವುದಿಲ್ಲ ಅನ್ನುವ ಒಬ್ಬ ಪುಣ್ಯಾತ್ಮನೂ ಸಿಗಲಿಲ್ಲ.

ಮಿಸ್ತ್ರಿ ಒಳ್ಳೆಯವರು. ಅವರು ಹೇಳಿದ ಮೇಲೆ ನನಗೂ ಒಂದಿಷ್ಟು ಅರ್ಥವಾಯಿತು. ಹಲ್ಲು ಮುರಿಯುವುದು ಬರೀ ಉಕ್ಕು ಮೆತ್ತಗಿದ್ದುದಕ್ಕಲ್ಲ. ಜೋರಾಗಿ ತಿರುಚಿದಾಗ ಪಿನಿಯನ್ನೂ ಕ್ರೌನೂ ಒಂದನ್ನೊಂದು ದೂರ ತಳ್ಳುತ್ತವೆ. ಅವುಗಳ ಹೊರಗವಚ, ಅಂದರೆ ಹೌಸಿಂಗ್, ಒಂಚೂರು ಬಾಗುತ್ತದೆ. ಆಗ ಹಲ್ಲಿನ ನಡುವೆ ಬೀಳಬೇಕಾದ ಭಾರ ಅಂಚಿಗೆ ಬೀಳುತ್ತದೆ, ಅಂಚು ಚಕ್ಕೆ ಏಳುತ್ತದೆ. ಅದಕ್ಕೇ ದೊಡ್ಡ ಕ್ರೌನು, ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಪುಟ್ಟ ಸ್ಟಾರ್ ಗೇರು ಎರಡರ ಬದಲು ನಾಲ್ಕು, ಬೇರಿಂಗ್ ಕ್ಯಾಪುಗಳನ್ನು ಹಿಂದಿನಿಂದ ಒತ್ತಿ ಹಿಡಿಯುವ ದಪ್ಪ ಮುಚ್ಚಳ, ಪಿನಿಯನ್ನಿನ ಅಮುಕುವ ಬುಶ್ ತೆಗೆದು ಅಮುಕದ ಗಟ್ಟಿ ಬುಶ್. ಹಲ್ಲಿಗೆ ಹಲ್ಲಿನ ಸಡಿಲ 0.1ರಿಂದ 0.2 ಮಿ.ಮೀ. ಒಳಗೆ ಬರಬೇಕು. ಹಲ್ಲಿಗೆ ಬಣ್ಣ ಬಳಿದು, ತಿರುಗಿಸಿ, ಗುರುತು ಎಲ್ಲಿ ಬಿದ್ದಿದೆ ಎಂದು ನೋಡಿ, ಶಿಮ್ ಎಂಬ ತೆಳು ಬಿಲ್ಲೆ ಬದಲಾಯಿಸಿ, ಮತ್ತೆ ಬಣ್ಣ. ನನ್ನ ತಾಳ್ಮೆಯನ್ನು ಹೊಗಳುವವರು ಆ ಮಿಸ್ತ್ರಿಯನ್ನು ಒಮ್ಮೆ ನೋಡಬೇಕು.

ಎಲ್ಲ ಮುಗಿಸಿ ಕಾರು ಮನೆಗೆ ಬಂತು. ಜೊತೆಗೆ ಆ ಗುಂಯ್ ಕೂಡ ಬಂತು.

ಮದುವೆಯ ದಿನಕ್ಕೆ ಬರೋಣ. ವಂಟಮೂರಿ ಘಾಟ್ ಬರುತ್ತಿದ್ದಂತೆ ಇವರ ಮುಖ ಬೆಳಗಿತು. ಏರುವಾಗ ಇಂಜಿನ್ ಗಾಲಿಯನ್ನು ತಳ್ಳುತ್ತದೆ, ಹಲ್ಲಿನ ಒಂದು ಮುಖಕ್ಕೆ ಭಾರ. ಇಳಿಯುವಾಗ ಕಾಲು ತೆಗೆದರೆ ಗಾಲಿಯೇ ಇಂಜಿನ್ ತಿರುಗಿಸುತ್ತದೆ, ಹಲ್ಲಿನ ಇನ್ನೊಂದು ಮುಖಕ್ಕೆ ಭಾರ. ಸದ್ದು ಯಾವಾಗ ಬರುತ್ತದೆ ಎನ್ನುವುದರ ಮೇಲೆ ರೋಗ ಯಾವುದೆಂದು ತಿಳಿಯುತ್ತದಂತೆ. ಆದರೆ ಮುಂದಿನ ಸೀಟಿಗೆ ಸರಿಯಾಗಿ ಕೇಳುವುದಿಲ್ಲ. "ಅವ್ವಾ, ಸೀಟಿಗೆ ಕಿವಿ ಹಚ್ಚು" ಅಂದರು.

ನಾನು ಬೇಡ ಅನ್ನುವಷ್ಟರಲ್ಲಿ ಅತ್ತೆ ಇಳಕಲ್ ಸೀರೆಯ ಸೆರಗು ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ಮಲಗಿ ಕಿವಿ ಹಚ್ಚಿಯೇಬಿಟ್ಟರು. "ಈಗ ಒತ್ತೀನಿ, ಬಂತೇನವ್ವಾ?" "ಬಂತು." "ಈಗ ಬಿಟ್ಟೀನಿ?" "ಈಗಿಲ್ಲ." ಘಾಟ್ ಏರಿದರು. ಯೂ ಟರ್ನ್ ಹುಡುಕಿ ಇಳಿದರು. ಮತ್ತೆ ಏರಿದರು. ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನವರು ಬಗ್ಗಿ ನೋಡಿದರು. ಹಿಂದೆ ಮಲಗಿಕೊಂಡ ಮುದುಕಿ, ಮುಂದೆ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡ ಹೆಂಗಸು. ಆಸ್ಪತ್ರೆಗೆ ಹೊರಟವರು ಎಂದುಕೊಂಡಿರಬೇಕು. ಒಬ್ಬ ಕಾರಿನವನಂತೂ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ನಡುವೆ ಒಮ್ಮೆ ಅತ್ತೆ ಉತ್ತರ ಕೊಡಲಿಲ್ಲ. ತಿರುಗಿ ನೋಡಿದೆ. ಕಣ್ಣು ಮುಚ್ಚಿದ್ದರು. "ನಿಮ್ಮಪ್ಪ ಇದ್ದಾಗ ಕೊಲ್ಲಾಪುರದ ಮಹಾಲಕ್ಷ್ಮಿಗೆ ಹೋಗೂಮುಂದ ಹಿಂಗ ಮಲಗ್ತಿದ್ದೆ. ಅವರು ನಲವತ್ತರ ಮ್ಯಾಲ ಎಂದೂ ಹೊಡಿಲಿಲ್ಲ. ಗುಡಿ ಬಂದ ಮ್ಯಾಲ ಎಬ್ಬಸ್ತಿದ್ರು" ಅಂದರು. ಇವರು ಏನೂ ಹೇಳಲಿಲ್ಲ. ಕಾರು ಒಂದಿಷ್ಟು ದೂರ ನಿಧಾನವಾಗಿ ಹೋಯಿತು. ನಾನೂ ಸುಮ್ಮನೆ ಕೂತೆ, ಈ ಸಲ ಯಾರೂ ಹೇಳದೇ.

ಆಮೇಲೆ, "ಈಗ ಒತ್ತೀನವ್ವಾ!"

ಮದುವೆಮನೆ ಮುಟ್ಟಿದಾಗ ಅಕ್ಷತೆ ಮುಗಿದಿತ್ತು. ಬೀಗರೆಲ್ಲ ನನ್ನ ಕೈ ನೋಡಿ "ಸುಟ್ಕೊಂಡ್ರೇನ್ರಿ?" ಎಂದು ಕೇಳಿದರು. ಕರ್ಚೀಫ್ ಬಿಚ್ಚುವುದು ಮರೆತೇ ಹೋಗಿತ್ತು.

ಮರುದಿನ ಮಿಸ್ತ್ರಿಯ ಅಂಗಡಿಯಲ್ಲಿ ಸಭೆ. ಅತ್ತೆಯನ್ನೂ ಕರೆದೊಯ್ದರು. ಮಿಸ್ತ್ರಿ ಕೊಲ್ಲಾಪುರದ ಗೇರ್ ಕಟಿಂಗ್‌ನವರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, "ಅವ್ವಾರ, ಒಮ್ಮೆ ಮಾಡಿ ತೋರಸ್ರಿ" ಅಂದರು. ಅತ್ತೆ ಬಾಯೊಳಗಿನ ಎಲೆ ಅಡಿಕೆ ಉಗುಳಿ ಬಂದು, ಗಂಟಲು ಸರಿ ಮಾಡಿಕೊಂಡು, "ಗುಂಯ್ಯ್ಯ್" ಅಂದರು. ಆ ಕಡೆಯವರು ಮರಾಠಿಯಲ್ಲಿ ಏನೋ ಕೇಳಿದರು. "ಇನ್ನೊಂದು ಸಲ, ಸ್ವಲ್ಪ ಜೋರ ಗಾಡಿ ಹೊಡದಾಗಿನದು" ಎಂದರು ಮಿಸ್ತ್ರಿ. ಅತ್ತೆ ಶ್ರುತಿ ಏರಿಸಿದರು. ಲೇತಿನ ಹುಡುಗರು ಕೆಲಸ ಬಿಟ್ಟು ನಿಂತರು. ಕಾಲು ತೆಗೆದಾಗ ಸದ್ದಿಲ್ಲ, ಒತ್ತಿದಾಗ ಮಾತ್ರ, ವೇಗಕ್ಕೆ ತಕ್ಕಂತೆ ದನಿ ಏರುತ್ತದೆ. ಹಾಗಾದರೆ ಬೇರಿಂಗ್ ಅಲ್ಲ, ಹಲ್ಲು ಕೂತದ್ದು ಸರಿಯಿಲ್ಲ, ಪಿನಿಯನ್ ಶಿಮ್ ಬದಲಾಯಿಸಿ ಎಂದು ಫೋನಿನಲ್ಲೇ ತೀರ್ಮಾನವಾಯಿತು. ಬದಲಾಯಿಸಿದರು. ಗುಂಯ್ ಹೋಯಿತು!

ಈಗ ಡಿಫ್ರೆನ್ಶಿಯಲ್ ಎಷ್ಟು ಗಟ್ಟಿ ಎಂದರೆ ಮುಂದೆ ಮುರಿಯುವ ಸರದಿ ಬೇರೆಯವರದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಾ, ಎಕ್ಸೆಲ್ಲಾ ಎಂದು ಊಟದ ಹೊತ್ತಿಗೆ ಚರ್ಚೆ ಶುರುವಾಗಿದೆ.

ಅತ್ತೆಯ ವಿಷಯ ಅದಕ್ಕಿಂತ ಚಿಂತೆಯದು. ಇವತ್ತು ಬೆಳಿಗ್ಗೆ ಶೇಂಗಾ ಚಟ್ನಿಗೆಂದು ಮಿಕ್ಸಿ ಹಾಕಿದೆ. ಜಪ ಮಾಡುತ್ತಿದ್ದವರು ಕೈ ಎತ್ತಿ, ತಲೆ ಓರೆ ಮಾಡಿ, "ಬೇರಿಂಗ್ ಹೋಗೈತಿ" ಅಂದರು. ಇವರು ಸ್ಕ್ರೂಡ್ರೈವರ್ ತಂದೇಬಿಟ್ಟರು. ಮಿಕ್ಸಿ ಈಗ ಪೇಪರಿನ ಮೇಲೆ ಬಿಚ್ಚಿಕೊಂಡು ಕೂತಿದೆ, ಇಬ್ಬರೂ ಅದರ ಸುತ್ತ. ಮಧ್ಯಾಹ್ನದ ರೊಟ್ಟಿಗೆ ಬರೀ ಮೊಸರು.