ಪಿಥಿಯಾ ಬೇರೆ, ಸಿಬಿಲ್ಲಾ ಬೇರೆ
ನಾನು ಓದಿದ ಲೇಖನವೊಂದರಲ್ಲಿ, ದೇವವಾಣಿ ನುಡಿಯುತ್ತಿದ್ದ ಪ್ರಾಚೀನ ಗ್ರೀಸಿನ ಸ್ತ್ರೀಯರಾದ ಡೆಲ್ಫಿಯ ಪಿಥಿಯಾಳನ್ನೂ ಸಿಬಿಲ್ಲಾಳನ್ನೂ ಲೇಖಕರು ಒಬ್ಬಳೇ ಎಂಬಂತೆ ಬರೆದಿರುವುದರಿಂದ ಈ ಮಾತು ಹೇಳಬೇಕಾಯಿತು. ಪಿಥಿಯಾ ಎಂಬುದು ಡೆಲ್ಫಿಯ ಅಪೊಲೊ ದೇವರ ದೇಗುಲದ ಒಂದು ಪದವಿ. ಒಬ್ಬಳ ನಂತರ ಮತ್ತೊಬ್ಬಳು ಆ ಮೂರು ಕಾಲಿನ ಪೀಠವನ್ನೇರಿ, ಗೊತ್ತುಪಡಿಸಿದ ದಿನಗಳಲ್ಲಿ, ಕೇಳಲು ಬಂದವರಿಗೆ ಉತ್ತರಿಸುತ್ತಿದ್ದಳು. ಸಿಬಿಲ್ಲಾ ಹಾಗಲ್ಲ, ಯಾರೂ ಕೇಳದಿದ್ದರೂ ನುಡಿಯುವವಳು. ಕ್ರಿ.ಪೂ. 500ರ ಸುಮಾರಿನ ಗ್ರೀಕ್ ತತ್ತ್ವಜ್ಞಾನಿ ಹೆರಾಕ್ಲಿಟಸ್‌ನದೆಂದು ಮುಂದಿನ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಉದ್ಧರಿಸಿರುವ ಮಾತಿನಲ್ಲಿ, ನಗುವಿಲ್ಲದ, ಅಲಂಕಾರವಿಲ್ಲದ, ಸುಗಂಧ ಪೂಸದ ನುಡಿಗಳನ್ನಾಡುವ ಅವಳ ದನಿ ದೇವರ ಬಲದಿಂದ ಸಾವಿರ ವರ್ಷಗಳನ್ನು ದಾಟುತ್ತದೆ. ಸುಗಂಧ ಪೂಸದ ನುಡಿ ಎಂಬ ಆ ಒಂದು ವಿಶೇಷಣ ಎಷ್ಟು ಸಲ ಓದಿದರೂ ನನ್ನನ್ನು ತಡೆದು ನಿಲ್ಲಿಸುತ್ತದೆ. ಸಿಬಿಲ್ಲಾ ಎಂಬುದು ಮೊದಲು ಒಬ್ಬಳ ಅಂಕಿತನಾಮವಾಗಿದ್ದದ್ದು ಮುಂದೆ ರೂಢನಾಮವಾಗಿ, ರೋಮಿನ ವಿದ್ವಾಂಸ ವಾರೊ ಹತ್ತು ಸಿಬಿಲ್ಲರನ್ನು ಎಣಿಸಿದ್ದಾನೆ. ಲೇಖಕರು ದಯವಿಟ್ಟು ಇದನ್ನು ತಿದ್ದಬೇಕು.